ಎರಡಿಂಚಿನ ಎತ್ತರ, ಅದರ ಸುಂಕ

ಕಚ್ಚಾ ದಾರಿಗೂ ಇಳಿಯುವ ಪುಟ್ಟ ಗಾಡಿ ಸುಜುಕಿ ಜಿಮ್ನಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಅತಿ ತಗ್ಗಿನ ಭಾಗಕ್ಕೂ ನಡುವಿನ ಅಂತರ, 210 ಮಿಲಿಮೀಟರ್. ಜಗತ್ತಿನ ಹಲವೆಡೆ ಓಡುವ ಮೂರು ಬಾಗಿಲಿನ ಜಿಮ್ನಿಗೂ ಅಷ್ಟೇ, 2023ರ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಐದು ಬಾಗಿಲಿನದಕ್ಕೂ ಅಷ್ಟೇ. ಆದರೂ ಚೂಪಾದ ದಿಬ್ಬವೊಂದನ್ನು ದಾಟುವಾಗ ಮೊದಲನೆಯದು ಸಲೀಸಾಗಿ ಆಚೆ ಇಳಿಯುವಲ್ಲಿ ಎರಡನೆಯದು ಹೊಟ್ಟೆ ತಗುಲಿಸಿಕೊಂಡು ನಿಲ್ಲಬಹುದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೇ ಇದಕ್ಕೆ ಕಾರಣ. ಮೂರು ಬಾಗಿಲಿನದರಲ್ಲಿ ಅದು 2,250 ಮಿ.ಮೀ., ಐದು ಬಾಗಿಲಿನದರಲ್ಲಿ 2,590 ಮಿ.ಮೀ. ಹೊಟ್ಟೆ ಮುಟ್ಟಿಸದೆ ಎಷ್ಟು ಚೂಪಾದ ದಿಬ್ಬ ದಾಟಬಹುದು ಎಂಬುದನ್ನು ಹೇಳುವ ಕೋನವನ್ನು ರ‍್ಯಾಂಪ್ ಬ್ರೇಕ್‌ಓವರ್ ಕೋನ ಎನ್ನುತ್ತಾರೆ. ಅದು ಚಿಕ್ಕ ಗಾಡಿಯಲ್ಲಿ 28 ಡಿಗ್ರಿ, ಉದ್ದದ ಗಾಡಿಯಲ್ಲಿ 24.

ಪ್ರೌಢಶಾಲೆಯ ತ್ರಿಕೋನಮಿತಿಯಿಂದ ಹಿಮ್ಮುಖವಾಗಿ ಲೆಕ್ಕ ಹಾಕಿದರೆ ಎರಡೂ ಗಾಡಿಗಳ ನಡುಹೊಟ್ಟೆ ನೆಲದಿಂದ ಹೆಚ್ಚುಕಡಿಮೆ 27 ಸೆಂಟಿಮೀಟರ್ ಮೇಲಿದೆ ಎಂದು ಸಿಗುತ್ತದೆ. ಉದ್ದದ ಗಾಡಿಯ ಹೊಟ್ಟೆಯನ್ನು ಇನ್ನೂ 5 ಸೆಂ.ಮೀ. ಮೇಲೆತ್ತಿದರೆ ಅದರ ಕೋನವೂ 28 ಡಿಗ್ರಿಗೆ ಬಂದು ನಿಲ್ಲುತ್ತದೆ. ಗ್ಯಾರೇಜುಗಳಲ್ಲಿ ‘ಎರಡಿಂಚು ಲಿಫ್ಟ್’ ಎಂದು ಕರೆಯುವುದು ಈ 5 ಸೆಂಟಿಮೀಟರನ್ನೇ. ಎರಡು ಬಾಗಿಲು ಹೆಚ್ಚು ಪಡೆದಿದ್ದಕ್ಕಾಗಿ ಕಳೆದುಕೊಂಡ ನಾಲ್ಕು ಡಿಗ್ರಿಯನ್ನು ಎರಡಿಂಚಿನಿಂದ ವಾಪಸು ಪಡೆಯಬಹುದು. ಇಂಥ ಲಿಫ್ಟನ್ನು ಶೋಕಿ ಎಂದು ತಳ್ಳಿಹಾಕುವವರ ಜೊತೆ ನನಗೆ ಇಲ್ಲಿಯವರೆಗೆ ಸಹಮತವಿಲ್ಲ. ನಾಲ್ಕಿಂಚು, ಆರಿಂಚು ಎಂದು ಏರಿಸುವವರ ವಿಷಯ ಬೇರೆ.

ಆದರೆ ಲಿಫ್ಟ್ ಮಾಡಿಸಿದ ಮೇಲೂ ಆ 210 ಮಿ.ಮೀ. ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ! ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್ ಇದೆ. ಎಡಗಾಲಿಯಿಂದ ಬಲಗಾಲಿಗೆ ಅಡ್ಡಲಾಗಿ ಹೋಗುವ ಒಂದೇ ಉಕ್ಕಿನ ಕೊಳವೆ ಅದು, ಅದರ ಮೈಮೇಲೆ ಡಿಫರೆನ್ಷಿಯಲ್ ಗೇರುಗಳನ್ನು, ಅಂದರೆ ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರುಗಳನ್ನು, ಹೊತ್ತ ದಪ್ಪನೆಯ ಗುಂಡು ಪೆಟ್ಟಿಗೆ. ಗಾಡಿಯ ಅತಿ ತಗ್ಗಿನ ಭಾಗ ಆ ಗುಂಡು. ಲಿಫ್ಟ್ ಎಂದರೆ ಆಕ್ಸಲ್ ಮತ್ತು ಚಾಸಿಯ ನಡುವಿನ ಸ್ಪ್ರಿಂಗನ್ನು ಉದ್ದ ಮಾಡುವುದು. ಆಗ ಮೇಲೇರುವುದು ಚಾಸಿ ಮತ್ತು ಬಾಡಿ ಮಾತ್ರ. ಆಕ್ಸಲ್ ಇದ್ದಲ್ಲೇ ಇರುತ್ತದೆ. ಸಕಲೇಶಪುರದ ಕಡೆಯ ತೋಟದ ದಾರಿಗಳನ್ನು ಮಳೆಗಾಲ ಮುಗಿದ ಮೇಲೆ ನೋಡಿದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಎರಡು ಗಾಲಿಜಾಡುಗಳು ಆಳಕ್ಕೆ ಕೊರೆದುಹೋಗಿ, ನಡುವೆ ಹುಲ್ಲು ಬೆಳೆದ ದಿಂಡು ಉಳಿದಿರುತ್ತದೆ, ಆ ಹುಲ್ಲಿನಲ್ಲಿ ಅಡಗಿ ಕುಳಿತ ಕಲ್ಲು. ಕಲ್ಲಿಗೆ ಬಡಿಯುವುದು ಆಕ್ಸಲ್ಲಿನ ಗುಂಡೇ ಹೊರತು ಹೊಟ್ಟೆಯಲ್ಲ. ಅದನ್ನು ಮೇಲೆತ್ತಲು ಸಾಮಾನ್ಯವಾಗಿ ಇರುವ ಉಪಾಯ ಒಂದೇ, ದೊಡ್ಡ ಟಯರ್.

ಟಯರಿನ ಪಕ್ಕದಲ್ಲಿ ಬರೆದಿರುವ ಅಂಕಿಗಳಲ್ಲಿ ಲೆಕ್ಕವೆಲ್ಲ ಇದೆ. ಜಿಮ್ನಿಗೆ ಕಾರ್ಖಾನೆಯಿಂದ ಬರುವುದು 195/80 ಆರ್15. ಅಗಲ 195 ಮಿ.ಮೀ.; ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 80, ಅಂದರೆ 156 ಮಿ.ಮೀ.; ರಿಮ್ಮಿನ ವ್ಯಾಸ 15 ಇಂಚು, ಅಂದರೆ 381 ಮಿ.ಮೀ. ಎರಡು ಗೋಡೆ ಮತ್ತು ರಿಮ್ ಕೂಡಿದರೆ ಒಟ್ಟು ವ್ಯಾಸ 693 ಮಿ.ಮೀ. ಲಿಫ್ಟ್ ಜೊತೆಗೆ ಹಲವರು ಹಾಕಿಸುವ 235/75 ಆರ್15ಕ್ಕೆ ಇದೇ ಲೆಕ್ಕ ಮಾಡಿದರೆ 733.5 ಮಿ.ಮೀ. ವ್ಯಾಸ 40 ಮಿ.ಮೀ. ಹೆಚ್ಚಿದರೂ ಆಕ್ಸಲ್ ಏರುವುದು ಅದರ ಅರ್ಧ, 20 ಮಿ.ಮೀ. ಮಾತ್ರ. 210 ಇದ್ದದ್ದು 230 ಆಗುತ್ತದೆ. ಅಷ್ಟಕ್ಕಾಗಿ ಗಾಡಿ ಏನೆಲ್ಲ ತೆರಬೇಕಾಗುತ್ತದೆ ಎಂದು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಟಯರ್ ಸುಮಾರು ಶೇ. 5.8ರಷ್ಟು ದೊಡ್ಡದಾಯಿತು. ಎಂಜಿನ್ ಕೊಡುವ ತಿರುಚುಬಲ ಅಷ್ಟೇ ಇದ್ದು ಚಕ್ರದ ತ್ರಿಜ್ಯ ಹೆಚ್ಚಿದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಆ ಪ್ರಮಾಣಕ್ಕೆ ಸರಿಯಾಗಿ ಕುಗ್ಗುತ್ತದೆ. 134 ನ್ಯೂಟನ್ ಮೀಟರ್ ಟಾರ್ಕಿನ ಎಂಜಿನ್ನಿಗೆ ಘಟ್ಟದ ಏರಿನಲ್ಲಿ ಇದು ಚೆನ್ನಾಗಿಯೇ ತಿಳಿಯುತ್ತದೆ, ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದಲ್ಲಿ ಎರಡಕ್ಕೆ ಇಳಿಯಬೇಕಾಗುತ್ತದೆ. ಬ್ರೇಕಿಗೂ ಇದೇ ನಿಯಮ: ಪೆಡಲನ್ನು ಅಷ್ಟೇ ಒತ್ತಿದರೆ ನೆಲದ ಮೇಲಿನ ತಡೆಬಲ ಕಡಿಮೆ. ಸ್ಪೀಡೋಮೀಟರ್ ಚಕ್ರದ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ದೂರವನ್ನಲ್ಲ. ಮೊದಲು ಸರಿಯಾಗಿದ್ದ ಮೀಟರ್ 100 ತೋರಿಸುವಾಗ ನಿಜವಾದ ವೇಗ 106ರ ಹತ್ತಿರ ಇರುತ್ತದೆ. ದೊಡ್ಡ ಟಯರ್ ಭಾರವೂ ಹೌದು, ಆ ಭಾರವೆಲ್ಲ ಅಂಚಿನಲ್ಲಿ. ಅಂಚಿನಲ್ಲಿ ಸುತ್ತುವ ಒಂದು ಕಿಲೋ ವೇಗ ಹೆಚ್ಚಿಸುವಾಗಲೂ ತಗ್ಗಿಸುವಾಗಲೂ ಸೀಟಿನ ಮೇಲಿಟ್ಟ ಎರಡು ಕಿಲೋಗಳಿಗೆ ಸಮೀಪ. ಇನ್ನು ಐದನೆಯ ಟಯರ್ ತೂಗುವುದು ಹಿಂಬಾಗಿಲಿನ ಮೇಲೆ. ಅದರ ಕೀಲುಗಳ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಲಿಫ್ಟ್ ಮಾಡಿಸಿದರೆ ದೊಡ್ಡ ಟಯರಿಗೆ ಜಾಗವಾಗುತ್ತದೆ ಎಂಬ ಮಾತೂ ಅರ್ಧಸತ್ಯ. ನಿಂತ ಗಾಡಿಯಲ್ಲಿ ಜಾಗ ಹೆಚ್ಚಿದ್ದು ಕಾಣುತ್ತದೆ, ನಿಜ. ಆದರೆ ದೊಡ್ಡ ಹಳ್ಳಕ್ಕೆ ಬಿದ್ದಾಗ ಸ್ಪ್ರಿಂಗ್ ಪೂರ್ತಿ ಕುಗ್ಗಿ ಆಕ್ಸಲ್ ತನ್ನ ರಬ್ಬರ್ ತಡೆಗೆ ಬಂದು ಬಡಿಯುತ್ತದೆ. ಆ ತಡೆಯ ಜಾಗ ಲಿಫ್ಟಿನಿಂದ ಬದಲಾಗಿಲ್ಲ. ಆ ಕ್ಷಣದಲ್ಲಿ ದೊಡ್ಡ ಟಯರ್ ಮಡ್‌ಗಾರ್ಡಿನ ಒಳಮೈಗೆ ಉಜ್ಜಿಯೇ ಉಜ್ಜುತ್ತದೆ. ತಡೆಯನ್ನೂ ಉದ್ದ ಮಾಡಬೇಕು, ಇಲ್ಲವೇ 215/75ರಂಥ ನಡುವಿನ ಅಳತೆಗೆ ತೃಪ್ತಿಪಡಬೇಕು. ಅದರ ವ್ಯಾಸ ಮೂಲದ್ದಕ್ಕಿಂತ ಒಂದು ಸೆಂಟಿಮೀಟರಷ್ಟೇ ಹೆಚ್ಚು.

ಎತ್ತರ ಪಡೆಯುವ ಅಗ್ಗದ ದಾರಿ ಸ್ಪೇಸರ್, ಅಂದರೆ ಸ್ಪ್ರಿಂಗಿನ ತುದಿಗೆ ದಪ್ಪನೆಯ ಬಿಲ್ಲೆಯೊಂದನ್ನು ಸಿಕ್ಕಿಸುವುದು. ಶಾಕ್ ಅಬ್ಸಾರ್ಬರ್ ಹಳೆಯದೇ ಇದ್ದರೆ ಇದರಷ್ಟು ಕೆಟ್ಟ ವ್ಯಾಪಾರ ಬೇರೊಂದಿಲ್ಲ. ಚಕ್ರ ಎಷ್ಟು ಕೆಳಗಿಳಿಯಬಹುದು ಎಂಬುದನ್ನು ನಿರ್ಧರಿಸುವುದು ಶಾಕಿನ ಉದ್ದ. ಗಾಡಿ 5 ಸೆಂ.ಮೀ. ಮೇಲೇರಿ ನಿಂತರೆ ಶಾಕ್ ಆಗಲೇ 5 ಸೆಂ.ಮೀ. ಎಳೆದುಕೊಂಡಿರುತ್ತದೆ. ಉಳಿದ ಇಳಿತ ಅಷ್ಟು ಕಡಿಮೆ. ಏರುಪೇರು ನೆಲದಲ್ಲಿ ಒಂದು ಚಕ್ರ ಗುಂಡಿಗೆ ಇಳಿಯಬೇಕಾದಾಗ ಇಳಿಯಲಾರದೆ ಗಾಳಿಯಲ್ಲಿ ನಿಲ್ಲುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಬದಿಗೆ ಸಮನಾದ ತಿರುಚುಬಲವನ್ನೇ ಕೊಡುವುದರಿಂದ, ಗಾಳಿಯಲ್ಲಿ ಸುಮ್ಮನೆ ಸುತ್ತುವ ಚಕ್ರಕ್ಕೆ ಎಷ್ಟು ಬಲ ಸಾಕೋ ನೆಲಕ್ಕೆ ಕಚ್ಚಿದ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಜಿಮ್ನಿ ಸುತ್ತುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಇದನ್ನು ಒಂದಿಷ್ಟು ಸರಿದೂಗಿಸುತ್ತದೆ. ಆದರೂ ಮಾತು ಮಾತೇ: ನೋಡಲು ಎತ್ತರವಾದ ಗಾಡಿ ಮೊದಲಿಗಿಂತ ಕಡಿಮೆ ದೂರ ಹೋದೀತು. ಸ್ಪ್ರಿಂಗ್ ಮತ್ತು ಶಾಕ್ ಎರಡನ್ನೂ ಉದ್ದದವನ್ನೇ ಹಾಕಿಸಬೇಕು.

ಇನ್ನೊಂದು ಬದಲಾವಣೆ ಕಣ್ಣಿಗೆ ಕಾಣುವುದಿಲ್ಲ, ಸ್ಟೀರಿಂಗ್ ಹಿಡಿದ ಕೈಗೆ ತಿಳಿಯುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರದೆ ಹಿಂದಕ್ಕೆ ಓರೆಯಾಗಿರುತ್ತದಲ್ಲ, ಕೈಬಿಟ್ಟು ಓಡಿಸಿದರೂ ಸೈಕಲ್ ನೇರ ಹೋಗುವುದರಲ್ಲಿ ಆ ಓರೆಯ ಪಾಲೂ ಇದೆ. ಗಾಡಿಯ ಮುಂಚಕ್ರಗಳ ತಿರುಗುಕೀಲಿಗೂ ಕೆಲವೇ ಡಿಗ್ರಿಗಳ ಇಂಥ ಓರೆ ಕೊಟ್ಟಿರುತ್ತಾರೆ, ಅದಕ್ಕೆ ಕ್ಯಾಸ್ಟರ್ ಎಂದು ಹೆಸರು. ಜಿಮ್ನಿಯ ಮುಂದಿನ ಆಕ್ಸಲ್ಲನ್ನು ಚಾಸಿಗೆ ಜೋಡಿಸುವುದು ಹಿಂದಕ್ಕೆ ಚಾಚಿದ ಎರಡು ತೋಳುಗಳು. ತೋಳು ಆಕ್ಸಲ್ಲಿಗೆ ಎರಡು ಕಡೆ ಬಿಗಿದುಕೊಂಡಿರುವುದರಿಂದ ತೋಳು ವಾಲಿದರೆ ಆಕ್ಸಲ್ಲೂ ಅದರೊಂದಿಗೆ ಹೊರಳುತ್ತದೆ. ಚಾಸಿ ಮೇಲೇರಿದಾಗ ತೋಳಿನ ಹಿಂತುದಿ ಏರಿ, ಆಕ್ಸಲ್ ಮುಂದಕ್ಕೆ ಮಗುಚಿಕೊಂಡು, ಓರೆ ಕರಗುತ್ತದೆ. ತೋಳು 80 ಸೆಂ.ಮೀ. ಉದ್ದ ಎಂದುಕೊಂಡರೆ 5 ಸೆಂ.ಮೀ. ಲಿಫ್ಟಿಗೆ ಮೂರೂವರೆ ಡಿಗ್ರಿ ಹೋಯಿತು. ಇದ್ದದ್ದೇ ಕೆಲವು ಡಿಗ್ರಿ! ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯತೊಡಗುತ್ತದೆ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಲು ಸೋಮಾರಿತನ ತೋರಿಸುತ್ತದೆ. ತೋಳಿನ ಬೋಲ್ಟ್ ಕೂರುವ ರಬ್ಬರ್ ಬಿಲ್ಲೆಗಳಾದ ಬುಷ್‌ಗಳಲ್ಲಿ, ತೂತು ನಡುವಿನಿಂದ ಸರಿದಿರುವ ವಿಶೇಷ ಬಗೆಯವನ್ನು ಹಾಕಿ ಕಳೆದ ಕೋನವನ್ನು ಮರಳಿ ತರುವುದು ಇದಕ್ಕೆ ಪರಿಹಾರ. ಲಿಫ್ಟಿನ ಬೆಲೆ ಕೇಳುವಾಗ ಈ ಬುಷ್ ಅದರಲ್ಲಿ ಸೇರಿದೆಯೇ ಎಂದು ಕೇಳಿ. ಉತ್ತರ ತೊದಲಿದರೆ ಬೇರೆ ಗ್ಯಾರೇಜ್ ನೋಡುವುದು ಲೇಸು.

ಆಕ್ಸಲ್ ಹೊರಳಿದ್ದರ ಪರಿಣಾಮ ಅಲ್ಲಿಗೇ ನಿಲ್ಲುವುದಿಲ್ಲ. ಎಂಜಿನ್ನಿನ ಶಕ್ತಿಯನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ತುದಿಗಳಲ್ಲಿರುವ ಯೂನಿವರ್ಸಲ್ ಜಾಯಿಂಟಿಗೆ, ಅಂದರೆ ಬಾಗಿಕೊಂಡೇ ತಿರುಗಬಲ್ಲ ಕೀಲಿಗೆ, ಹುಟ್ಟುಗುಣವೊಂದಿದೆ. ಅದು ಬಾಗಿದ್ದಾಗ ಒಳಬರುವ ಸುತ್ತು ಸಮವೇಗದಲ್ಲಿದ್ದರೂ ಹೊರಹೋಗುವ ಸುತ್ತು ಸಮವಾಗಿರುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿ ಎರಡು ಸಲ ತಗ್ಗುತ್ತದೆ. ಬಾಗು 10 ಡಿಗ್ರಿ ಇದ್ದರೆ ಈ ಏರಿಳಿತ ಶೇ. ಒಂದೂವರೆ, 20 ಡಿಗ್ರಿಗೆ ಶೇ. 6ಕ್ಕೂ ಹೆಚ್ಚು. ಇನ್ನೊಂದು ತುದಿಯ ಜಾಯಿಂಟ್ ಅಷ್ಟೇ ಬಾಗಿದ್ದರೆ ಒಂದರ ತಪ್ಪನ್ನು ಇನ್ನೊಂದು ಅಳಿಸುತ್ತದೆ. ಆಕ್ಸಲ್ ಹೊರಳಿದಾಗ ಈ ಹೊಂದಾಣಿಕೆ ಕೆಟ್ಟು ನೆಲಹಾಸಿನಡಿ ನಡುಕ ಶುರುವಾಗುತ್ತದೆ. ಲಿಫ್ಟ್ ಎರಡಿಂಚಿನೊಳಗಿದ್ದರೆ ಇದು ಸಾಮಾನ್ಯವಾಗಿ ಸಹಿಸುವ ಮಟ್ಟದಲ್ಲಿರುತ್ತದೆ. ನಾಲ್ಕಿಂಚು ಏರಿಸಿದವರು ಹೊಸ ಶಾಫ್ಟಿಗೂ ದುಡ್ಡು ಎತ್ತಿಟ್ಟಿರಬೇಕು.

ಕೆಲಸ ನಡೆಯುವಾಗ ಹತ್ತಿರ ನಿಂತು ನೋಡಬೇಕಾದದ್ದು ಕೊನೆಯ ಬಿಗಿತವನ್ನು. ತೋಳಿನ ತುದಿಯ ಬುಷ್ ಎಂದರೆ ಎರಡು ಲೋಹದ ಕೊಳವೆಗಳು, ನಡುವೆ ಎರಡಕ್ಕೂ ಅಂಟಿದ ರಬ್ಬರ್. ಬೋಲ್ಟ್ ಬಿಗಿದ ಮೇಲೆ ಒಳಕೊಳವೆ ಅಲುಗಾಡುವುದಿಲ್ಲ. ತೋಳು ಏರಿಳಿದಾಗಲೆಲ್ಲ ತಿರುಚಿಕೊಳ್ಳುವುದು ರಬ್ಬರ್. ಗಾಡಿ ಜಾಕಿಯ ಮೇಲಿದ್ದು ಚಕ್ರಗಳು ಜೋತಾಡುತ್ತಿರುವಾಗಲೇ ಬೋಲ್ಟನ್ನು ಬಿಗಿದುಬಿಟ್ಟರೆ ಆ ಜೋತ ಭಂಗಿಯೇ ರಬ್ಬರಿಗೆ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ನೆಲಕ್ಕಿಳಿಸಿದ ಕ್ಷಣದಿಂದ ಅದು ಹಗಲಿರುಳು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ತಿಳಿದ ಮೆಕ್ಯಾನಿಕ್ ಬೋಲ್ಟನ್ನು ಸಡಿಲವಾಗಿ ಕೂರಿಸಿ, ಗಾಡಿಯನ್ನು ನಾಲ್ಕು ಚಕ್ರದ ಮೇಲೆ ಇಳಿಸಿ, ಬಂಪರನ್ನು ಒತ್ತಿ ಕುಲುಕಿಸಿ, ಆಮೇಲೆ ಅಡಿಗೆ ತೂರಿ ಟಾರ್ಕ್ ರೆಂಚಿನಿಂದ ಬಿಗಿಯುತ್ತಾನೆ. ಬ್ರೇಕ್ ಎಣ್ಣೆಯ ರಬ್ಬರ್ ಕೊಳವೆ ಆಕ್ಸಲ್ ಪೂರ್ತಿ ಇಳಿದಾಗ ಎಳೆದುಕೊಳ್ಳುವುದೇ ಎಂಬುದನ್ನೂ ಆಗಲೇ ನೋಡಬೇಕು. ಹೆಡ್‌ಲೈಟುಗಳನ್ನು ತಗ್ಗಿಸಿ ಹೊಂದಿಸದಿದ್ದರೆ ಎದುರಿನವರ ಕಣ್ಣಿಗೆ ಶಿಕ್ಷೆ.

ಉರುಳುವ ಅಪಾಯದ ಲೆಕ್ಕ ಸರಳ, ಫಲಿತಾಂಶ ಮಾತ್ರ ಹಿತವಾಗಿಲ್ಲ. ಜಿಮ್ನಿಯ ಎಡ ಬಲ ಚಕ್ರಗಳ ನಡುವೆ ಸುಮಾರು 140 ಸೆಂ.ಮೀ. ಅಂತರ. ಭಾರಕೇಂದ್ರ ನೆಲದಿಂದ 65 ಸೆಂ.ಮೀ. ಮೇಲಿದೆ ಎಂದು ಇಟ್ಟುಕೊಂಡರೆ ಅದು 47 ಡಿಗ್ರಿ ವಾಲುವವರೆಗೆ ಕಾಗದದ ಮೇಲೆ ನಿಲ್ಲುತ್ತದೆ. ಲಿಫ್ಟ್ ಮತ್ತು ಟಯರ್ ಸೇರಿ ಕೇಂದ್ರ 71ಕ್ಕೆ ಏರಿದರೆ 44 ಚಿಲ್ಲರೆ. ಸ್ಪ್ರಿಂಗುಗಳು ಒಂದು ಬದಿಗೆ ಕುಗ್ಗುವುದರಿಂದ ನಿಜಜೀವನದಲ್ಲಿ ಇನ್ನೂ ಕಡಿಮೆ. ಮೇಲೆ ಕ್ಯಾರಿಯರ್ ಹಾಕಿ ನೀರಿನ ಕ್ಯಾನು, ಟೆಂಟು ಹೇರಿದರೆ ಮತ್ತಷ್ಟು ಹೋಯಿತು.

ಕಾನೂನಿನ ಮಾತು ಚಿಕ್ಕದು. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಟ್ಟುನಿಟ್ಟಾಗಿಯೇ ಎತ್ತಿಹಿಡಿಯಿತು. ಸ್ಪ್ಯಾನರ್ ಎತ್ತುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸುವುದು ಒಳ್ಳೆಯದು.

ಕೆಸರಿನಲ್ಲಿ ಹಿಡಿತ ಸಿಗಲೆಂದು ಅಗಲದ ಟಯರ್ ಹಾಕಿಸುವವರು ಕಡೆಗಣಿಸುವ ಭೌತಶಾಸ್ತ್ರ ಒಂದಿದೆ. ಟಯರ್ ನೆಲವನ್ನು ಮುಟ್ಟುವ ವಿಸ್ತೀರ್ಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅಗಲವಲ್ಲ, ಒಳಗಿನ ಗಾಳಿಯ ಒತ್ತಡ. ಜಿಮ್ನಿ ಸುಮಾರು 1,200 ಕಿಲೋ, ಒಂದು ಚಕ್ರಕ್ಕೆ 300. ಒತ್ತಡ 26 ಪಿಎಸ್‌ಐ ಇದ್ದರೆ ಆ ಭಾರ ಹೊರಲು ಬೇಕಾದದ್ದು ಸುಮಾರು 165 ಚದರ ಸೆಂಟಿಮೀಟರ್. 195ರ ಟಯರಿಗೂ ಅಷ್ಟೇ, 235ರ ಟಯರಿಗೂ ಹತ್ತಿರಹತ್ತಿರ ಅಷ್ಟೇ. ನೆಲದ ಮೇಲೆ ಮೂಡುವ ಟಯರಿನ ಅಚ್ಚಿನ ಆಕಾರ ಅಗಲವಾಗಿ ಗಿಡ್ಡವಾಗುತ್ತದೆ, ಅದೇ ವ್ಯತ್ಯಾಸ. ಒತ್ತಡವನ್ನು 15ಕ್ಕೆ ಇಳಿಸಿದರೆ ಹಳೆಯ ಟಯರಿನಲ್ಲೇ ಆ ವಿಸ್ತೀರ್ಣ 285 ಚದರ ಸೆಂಟಿಮೀಟರಿಗೆ ಹಿಗ್ಗುತ್ತದೆ. ಖರ್ಚು ಒಂದು ಗಾಳಿ ಮಾಪಕ ಮತ್ತು 12 ವೋಲ್ಟಿನ ಪುಟ್ಟ ಪಂಪಿನದು. ಅಷ್ಟು ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟಯರಿನ ಗೋಡೆ ಪ್ರತಿ ಸುತ್ತಿಗೂ ಮಡಿಚಿ ಕಾದು ಸಿಡಿಯಬಹುದು, ಹಠಾತ್ ತಿರುವಿನಲ್ಲಿ ಟಯರ್ ರಿಮ್ಮಿನಿಂದ ಕಳಚಲೂಬಹುದು. ಹಾಗಾಗಿ ಡಾಂಬರು ಸಿಕ್ಕಿದ ಕೂಡಲೇ ನಿಲ್ಲಿಸಿ ಮತ್ತೆ 26ಕ್ಕೆ ತುಂಬಿಸಬೇಕು. ಪುಟ್ಟ ಪಂಪಾದರೆ ಒಂದೊಂದು ಚಕ್ರಕ್ಕೂ ಕೆಲವು ನಿಮಿಷ ಹಿಡಿಯುತ್ತದೆ.