ಫ್ಯಾಕ್ಟರಿನೇ ಇಲ್ಲ, ಮತ್ತೆ ಕೆರೆ ನೀರು ಕೆಡೋದು ಯಾಕೆ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕು, ಸೂಳೆಕೆರೆ ಸುತ್ತಲಿನ ಊರು. ಹತ್ತಿರದಲ್ಲಿ ಒಂದು ಫ್ಯಾಕ್ಟರಿನೂ ಇಲ್ಲ. ಆದರೂ ಹಳ್ಳ, ಕೆರೆ ಕೆಡ್ತಾ ಇದೆ ಅಂತ ರೈತರ ಕಡೆ ಬೊಟ್ಟು ಮಾಡ್ತಾರೆ. ಪೇಟೆ ಚರಂಡಿ ಸರಿ ಮಾಡಿ, ಕೆರೆ ಹೂಳು ತೆಗೆಸಿದ್ರೆ ಸಾಕಲ್ವಾ? ನಮ್ಮ ಹೊಲ ಏನು ಮಾಡ್ತು?

ಉತ್ತರ: ನಿಮ್ಮ ಮಾತು ಅರ್ಧ ಸರಿ. ಆ ಅರ್ಧವನ್ನು ಮೊದಲು ಒಪ್ಪಿಕೊಂಡುಬಿಡೋಣ.

ಪೇಟೆಯ ಕೊಳಚೆ, ಫ್ಯಾಕ್ಟರಿ ನೀರು ಸಣ್ಣ ವಿಷಯ ಅಲ್ಲ. 1980ರ ದಶಕದಲ್ಲಿ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದಾಗ ಹರಿಹರದ ಆಚೀಚಿನ ಹಳ್ಳಿಗಳ ಜನ ಕಾರ್ಖಾನೆ ನೀರಿನ ವಿರುದ್ಧ ಬೀದಿಗಿಳಿದಿದ್ದರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಕರ್ನಾಟಕದ್ದು 17. ತುಂಗಭದ್ರೆಯೂ ಇದೆ, ಭದ್ರೆಯೂ ಇದೆ. ಆದರೆ ಪೈಪಿನಲ್ಲಿ ಬರುವ ಕೊಳೆಗೆ ಒಂದು ಅನುಕೂಲ ಇದೆ. ಅದು ಎಲ್ಲಿಂದ ಬಂತು, ಯಾರದು ಅಂತ ಗೊತ್ತಾಗುತ್ತೆ. 1974ರ ಜಲ ಕಾಯ್ದೆ ಇದೆ, ಮಂಡಳಿ ಇದೆ, ನೋಟಿಸ್ ಕೊಡಬಹುದು. ಮಳೆ ನೀರಿನ ಜೊತೆ ಸಾವಿರಾರು ಹೊಲಗಳಿಂದ ಇಷ್ಟಿಷ್ಟೇ ಇಳಿದು ಬರುವುದಕ್ಕೆ ಯಾರಿಗೆ ನೋಟಿಸ್ ಕೊಡ್ತೀರಿ?

ಈಗ ನಿಮ್ಮ ಕೆರೆಯ ಲೆಕ್ಕ ನೋಡಿ. ಸೂಳೆಕೆರೆ ತುಂಬಿದರೆ ನೀರು ಹರಡುವ ಜಾಗ ಸುಮಾರು 6,500 ಎಕರೆ. ಅದಕ್ಕೆ ನೀರು ಬಸಿದು ಬರುವ ಜಲಾನಯನ ಪ್ರದೇಶ ಸುಮಾರು 81,000 ಎಕರೆ. ಒಂದು ಎಕರೆ ನೀರಿನ ಬೆನ್ನಿಗೆ ಹನ್ನೆರಡು ಎಕರೆ ನೆಲ ಇದೆ ಅಂತಾಯ್ತು. ಆ ಹನ್ನೆರಡು ಎಕರೆಯಲ್ಲಿ ಗುಡ್ಡ, ಗೋಮಾಳ, ಮೆಕ್ಕೆಜೋಳದ ಹೊಲ, ಅಡಿಕೆ ತೋಟ, ಊರು, ರಸ್ತೆ ಎಲ್ಲ ಬಂತು. ಅಲ್ಲಿ ಏನು ನಡೆಯುತ್ತೋ ಅದೇ ಕೆರೆಗೆ ಬರುತ್ತೆ. ಕೆರೆಯಿಂದ ಹರಿದ್ರಾ ಹಳ್ಳದಲ್ಲಿ ಇಳಿದು ಹರಿಹರದ ಹತ್ತಿರ ತುಂಗಭದ್ರೆಗೆ ಸೇರುತ್ತೆ. ಇನ್ನೊಂದು ಕಡೆ ಚಿತ್ರದುರ್ಗದವರು ಕುಡಿಯೋಕೆ ಇದೇ ಕೆರೆ ನೀರನ್ನು ಪೈಪಿನಲ್ಲಿ ಒಯ್ಯುತ್ತಾರೆ. ನಿಮ್ಮ ಹೊಲದ ಬದು ಒಡೆದರೆ ದುರ್ಗದ ಶುದ್ಧೀಕರಣ ಘಟಕದಲ್ಲಿ ನೀರಿನ ಕೆಸರು ಕೂರಿಸುವ ಪಟಿಕದ ಖರ್ಚು ಜಾಸ್ತಿ.

ಹೊಲದಿಂದ ಬರುವುದರಲ್ಲಿ ಮೊದಲನೆಯದು ಬರೀ ಮಣ್ಣು. ನಮ್ಮ ಕಡೆ ಮೆಕ್ಕೆಜೋಳ ಬಿತ್ತುವುದು ಮುಂಗಾರಿನ ಶುರುವಿಗೆ. ಸಾಲಿಂದ ಸಾಲಿಗೆ ಅಂತರ ಜಾಸ್ತಿ, ಪೈರು ಎದ್ದು ನೆಲ ಮುಚ್ಚುವ ತನಕ ಮಣ್ಣು ಬಯಲಲ್ಲೇ ಇರುತ್ತೆ. ಅಷ್ಟರಲ್ಲಿ ಒಂದೆರಡು ರಭಸದ ಮಳೆ ಬಂದರೆ ಮೇಲ್ಮಣ್ಣು ಹಳ್ಳ ಸೇರುತ್ತೆ. ಇಳಿಜಾರಿನ ಉದ್ದಕ್ಕೆ ಟ್ರ್ಯಾಕ್ಟರ್ ಹೊಡೆದಿದ್ದರಂತೂ ಪ್ರತಿ ಸಾಲೂ ಒಂದು ಕಾಲುವೆ. ಇಳಿಜಾರಿಗೆ ಅಡ್ಡ ಉಳುಮೆ ಮಾಡಿದರೆ ಇದು ಎಷ್ಟೋ ಕಡಿಮೆ ಆಗುತ್ತೆ, ಖರ್ಚೂ ಇಲ್ಲ. ಆದರೂ ಹೊಲದ ಉದ್ದ ಯಾವ ಕಡೆಗಿದೆಯೋ ಆ ಕಡೆಗೇ ಹೊಡೆಯುತ್ತಾರೆ. ಟ್ರ್ಯಾಕ್ಟರ್ ಬಾಡಿಗೆ ಗಂಟೆ ಲೆಕ್ಕ ಅಲ್ವಾ, ತಿರುವು ಕಡಿಮೆ ಆದಷ್ಟು ಒಳ್ಳೆಯದು. ಸುಮ್ನೆ ರೈತರನ್ನು ಬೈದು ಪ್ರಯೋಜನ ಇಲ್ಲ ಅನ್ನೋದು ಇದಕ್ಕೇ.

ಇನ್ನೊಂದು ಹೊಸ ಚಾಳಿ ನೋಡ್ತಾ ಇದ್ದೇನೆ. ಬದುವಿನ ಮೇಲಿನ ಹುಲ್ಲಿಗೂ ಕಳೆನಾಶಕ ಹೊಡೆಯುವುದು. ನೋಡೋಕೆ ಹೊಲ ಚೊಕ್ಕಟವಾಗಿ ಕಾಣುತ್ತೆ. ಆದರೆ ಬದುವನ್ನು ಹಿಡಿದಿಟ್ಟಿದ್ದು ಆ ಹುಲ್ಲಿನ ಬೇರು. ಬೇರು ಸತ್ತ ಬದು ಎರಡು ಮಳೆಗಾಲ ತಡೆದರೆ ಹೆಚ್ಚು. ಸರ್ಕಾರ ದುಡ್ಡು ಹಾಕಿ ಬದು ಕಟ್ಟಿಸುವುದು, ನಾವು ಔಷಧಿ ಹೊಡೆದು ಕರಗಿಸುವುದು!

ಎರಡನೆಯದು ಗೊಬ್ಬರ. ಇಲ್ಲಿ ಸಾರಜನಕದ (ನೈಟ್ರೋಜನ್) ದಾರಿ ಬೇರೆ, ರಂಜಕದ (ಫಾಸ್ಫರಸ್) ದಾರಿ ಬೇರೆ. 45 ಕೆ.ಜಿ. ಯೂರಿಯಾ ಚೀಲದಲ್ಲಿ ಸಾರಜನಕ ಇರುವುದು 20 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ನೀರು ನಿಲ್ಲಿಸಿದ ಭತ್ತದ ಗದ್ದೆಯಲ್ಲಿ ಅದರ ಅರ್ಧವೂ ಪೈರಿಗೆ ದಕ್ಕುವುದಿಲ್ಲ. ಒಂದು ಪಾಲು ಗಾಳಿಗೆ ಹೋಗುತ್ತೆ. ಉಳಿದಿದ್ದರಲ್ಲಿ ಒಂದು ಪಾಲು ನೈಟ್ರೇಟ್ ಆಗಿ ನೀರಲ್ಲಿ ಕರಗಿ ಹಳ್ಳಕ್ಕೂ ಬೋರ್‌ವೆಲ್‌ಗೂ ಇಳಿಯುತ್ತೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅನ್ನುವುದು ನಮ್ಮ ದೇಶದ ಮಾನದಂಡ. ನೀರು ಕುದಿಸಿದರೆ ಇದು ಹೋಗಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ.

ಡಿಎಪಿ ಗೊಬ್ಬರದಲ್ಲಿರುವ ರಂಜಕ ಹಾಗಲ್ಲ. ಅದು ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತೆ. ಮಣ್ಣು ಹೋದರೆ ತಾನೂ ಹೋಗುತ್ತೆ, ಮಣ್ಣು ನಿಂತರೆ ನಿಲ್ಲುತ್ತೆ. ಕೆರೆಯಲ್ಲಿ ಪಾಚಿ ಹಸಿರು ಬಣ್ಣದಂತೆ ಹಬ್ಬುವುದಕ್ಕೆ ಮುಖ್ಯ ಕಾರಣ ಈ ರಂಜಕವೇ. ಪಾಚಿ ಹಗಲು ಆಮ್ಲಜನಕ ಬಿಡುತ್ತೆ, ರಾತ್ರಿ ತಾನೇ ಬಳಸಿಕೊಳ್ಳುತ್ತೆ. ಅದು ಸತ್ತು ಕೊಳೆಯುವಾಗ ಇನ್ನೂ ಜಾಸ್ತಿ ಆಮ್ಲಜನಕ ಖರ್ಚು. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುವುದು ಈ ಕಾರಣಕ್ಕೇ. ಎಷ್ಟೋ ಸಲ "ಯಾರೋ ವಿಷ ಹಾಕಿದರು" ಅಂತ ಸುದ್ದಿ ಹಬ್ಬುತ್ತೆ. ವಿಷ ಹಾಕಿದವರು ಯಾರೂ ಇರುವುದಿಲ್ಲ.

ನಿಮ್ಮ ಕಡೆಯದ್ದೇ ಇನ್ನೊಂದು ಇದೆ, ಅಡಿಕೆ ಸಿಪ್ಪೆ. ಸುಲಿದ ಸಿಪ್ಪೆಯನ್ನು ರಸ್ತೆ ಬದಿಗೆ, ಹಳ್ಳದ ದಂಡೆಗೆ ಸುರಿಯುವುದು ಎಲ್ಲರೂ ನೋಡಿದ್ದೇ. ಬೇಗ ಕೊಳೆಯುವ ವಸ್ತು ಅಲ್ಲ. ಮಳೆ ಬಿದ್ದರೆ ಕಂದು ರಸ ಬಸಿದು ಸೀದಾ ನೀರಿಗೆ. ಅದೇ ಸಿಪ್ಪೆಯನ್ನು ಸಗಣಿ ಜೊತೆ ಗುಂಡಿಗೆ ಹಾಕಿ ಕೊಳೆಸಿ ತೋಟಕ್ಕೆ ಹಾಕಬಹುದು, ಕೆಲವರು ಮಾಡುತ್ತಲೂ ಇದ್ದಾರೆ. ಹಾಗಂತ ಅಡಿಕೆ ತೋಟವೇ ಕೆಟ್ಟದ್ದು ಅಂತ ನಾನು ಹೇಳಲ್ಲ. ನೆಲಕ್ಕೆ ಸೋಗೆ ಹಾಸಿದ ಹಳೇ ತೋಟ ಮೆಕ್ಕೆಜೋಳದ ಹೊಲಕ್ಕಿಂತ ಚೆನ್ನಾಗಿ ಮಣ್ಣು ಹಿಡಿಯುತ್ತೆ. ಅದರ ತಕರಾರು ನೀರಿನ ದಾಹದ್ದು, ಅದು ಬೇರೆ ದಿನಕ್ಕಿರಲಿ.

ಔಷಧಿ ಹೊಡೆದ ಪಂಪನ್ನು ಹಳ್ಳದಲ್ಲಿ ತೊಳೆಯುವುದು, ಪಾಯಿಖಾನೆ ಪಿಟ್ ಖಾಲಿ ಮಾಡುವ ಗಾಡಿ ಹಳ್ಳದಲ್ಲೇ ಸುರಿದು ಹೋಗುವುದು, ಬಚ್ಚಲು ನೀರು ಇಂಗುಗುಂಡಿ ಇಲ್ಲದೆ ಚರಂಡಿಯಲ್ಲಿ ಹರಿಯುವುದು. ಇವಕ್ಕೆ ವಿವರಣೆ ಬೇಕಿಲ್ಲ, ನಿಲ್ಲಿಸಬೇಕು ಅಷ್ಟೇ.

ಹಾಗಾದರೆ ಹೂಳೆತ್ತುವುದು? ಅದರಿಂದ ಲಾಭ ಇದೆ. ಹೂಳಿನ ಜೊತೆ ರಂಜಕವೂ ಹೊರಗೆ ಬರುತ್ತೆ, ನೀರು ನಿಲ್ಲುವ ಜಾಗವೂ ಹೆಚ್ಚುತ್ತೆ. ಆದರೆ ನೀರು ಇಳಿಯುವ ದಾರಿಯನ್ನು ಹಾಗೇ ಬಿಟ್ಟು ಕೆರೆ ಮಾತ್ರ ತೋಡಿದರೆ ಕಾಸು ವ್ಯರ್ಥ ಅನ್ನೋದು ನನ್ನ ಖಚಿತ ಅಭಿಪ್ರಾಯ. ಹೂಳೆತ್ತುವುದು ಕಣ್ಣಿಗೆ ಕಾಣುವ ಕೆಲಸ, ಜೆಸಿಬಿ, ಟಿಪ್ಪರ್ ಸಾಲು, ಫೋಟೋ ಎಲ್ಲ ಸಿಗುತ್ತೆ. ಗುಡ್ಡದ ಮೇಲೆ ಕಂದಕ ತೋಡಿದರೆ ಯಾರು ಹೋಗಿ ನೋಡ್ತಾರೆ?

ಕೆಲಸ ಶುರುವಾಗಬೇಕಾದ್ದು ಮೇಲಿನಿಂದ. ಮೊದಲು ಗುಡ್ಡ, ಗೋಮಾಳದಲ್ಲಿ ಕಂದಕ ಬದು, ಹುಲ್ಲು, ಗಿಡ. ಆಮೇಲೆ ಹೊಲದ ಬದು, ಕೃಷಿ ಹೊಂಡ. ಆಮೇಲೆ ಹಳ್ಳದಲ್ಲಿ ಚೆಕ್ ಡ್ಯಾಮ್. ಕಡೆಗೆ ಕೆರೆ. ಪಕ್ಕದ ಚಿತ್ರದುರ್ಗ ಜಿಲ್ಲೆಗೆ 2001ರ ನಂತರ ಬಂದ, ಮಣ್ಣು-ನೀರು ಉಳಿಸುವ ಸರ್ಕಾರದ ಸುಜಲ ಯೋಜನೆಯೂ ಜಲಾನಯನವನ್ನೇ ಹಿಡಿದು ನಡೆದಿತ್ತು. ಮೇಲೆ ಏನೂ ಮಾಡದೆ ಕೆಳಗೆ ಚೆಕ್ ಡ್ಯಾಮ್ ಕಟ್ಟಿದರೆ ಕೆಲವೇ ಮಳೆಗಾಲದಲ್ಲಿ ಅದರೊಳಗೆ ಮಣ್ಣು ತುಂಬುತ್ತೆ. ನಮ್ಮ ಜಿಲ್ಲೆಗಳಲ್ಲಿ ಅಂಥವು ಹುಡುಕಿದರೆ ಬೇಕಾದಷ್ಟಿವೆ. ಇನ್ನು ಕೆರೆಗೆ ಹಳ್ಳ ಸೇರುವ ಬಾಯಲ್ಲಿ ಆಪು (ಜೊಂಡು) ಬೆಳೆದಿದ್ದರೆ ಪೂರ್ತಿ ಕೀಳಿಸಬೇಡಿ. ಮಣ್ಣು ನಿಲ್ಲೋದು ಅಲ್ಲೇ. ಹಳ್ಳದ ಎರಡೂ ಬದಿ ಒಂದಿಷ್ಟು ಅಗಲ ಉಳದೆ ಹುಲ್ಲಿಗೆ ಬಿಟ್ಟರೂ ಇದೇ ಕೆಲಸ ಆಗುತ್ತೆ.

ಸ್ವಂತ ಹೊಲದಲ್ಲಿ? ಮಣ್ಣು ಪರೀಕ್ಷೆ ಮಾಡಿಸದೆ ಡಿಎಪಿ ಹಾಕಬೇಡಿ, ವರ್ಷಗಟ್ಟಲೆ ಹಾಕಿದ ಹೊಲದಲ್ಲಿ ರಂಜಕ ಆಗಲೇ ಸಾಕಷ್ಟು ಇರಬಹುದು. ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಿ. ಮೋಡ ಕಟ್ಟಿ ಜೋರು ಮಳೆ ಬರುವಂತಿದ್ದರೆ ಚೀಲ ಬಿಚ್ಚಲೇಬೇಡಿ.

ಯಾವ ಕಡೆಯಿಂದ ಜಾಸ್ತಿ ಮಣ್ಣು ಬರ್ತಿದೆ ಅಂತ ತಿಳಿಯಲು ಲ್ಯಾಬ್ ಬೇಕಿಲ್ಲ. ಜೋರು ಮಳೆ ನಿಂತ ಮೇಲೆ, ಹಳ್ಳದ ರಭಸ ಇಳಿದಾಗ, ಪ್ರತಿ ಕವಲಿನ ನೀರನ್ನು ಒಂದೊಂದು ಖಾಲಿ ಬಾಟಲಿಗೆ ತುಂಬಿ ಹೆಸರು ಬರೆದಿಡಿ. ಬೆಳಿಗ್ಗೆ ತಳದಲ್ಲಿ ಎಷ್ಟು ಮಣ್ಣು ಕೂತಿದೆ ನೋಡಿ. ಜಾಸ್ತಿ ಕೂತ ಕವಲನ್ನು ಹಿಡಿದು ಮೇಲಕ್ಕೆ ನಡೆಯಿರಿ. ಒಡೆದ ಬದು, ಬೋಳು ಗೋಮಾಳ, ಮಣ್ಣು ತೆಗೆದ ಗುಂಡಿ, ಏನೋ ಒಂದು ಸಿಕ್ಕೇ ಸಿಗುತ್ತೆ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದ ಸರ್ವೆ ನಂಬರ್ ನೋಡಿಕೊಳ್ಳಿ. ಮುಂದಿನ ಗ್ರಾಮಸಭೆಗೆ ಆ ನಂಬರ್‌ಗಳನ್ನು ಬರೆದುಕೊಂಡೇ ಹೋಗಿ. ಬರೀ "ಕೆರೆ ಅಭಿವೃದ್ಧಿ ಮಾಡಿ" ಅಂದರೆ ಮತ್ತೆ ಹೂಳೆತ್ತುವುದನ್ನೇ ಬರೆದುಕೊಳ್ಳುತ್ತಾರೆ.