‘ಅರಿವಿನ ಕೊರತೆ’ ಎಂದು ಬರೆಯುವ ಮೊದಲು

ಧಾರವಾಡದಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ಹುಡುಗ-ಹುಡುಗಿಯರಿಗೆ ಮಾನಸಿಕ ಆರೋಗ್ಯದ ಕ್ಷೇತ್ರಕಾರ್ಯದಲ್ಲಿ ಮಾರ್ಗದರ್ಶನ ಮಾಡುವುದು ನನ್ನ ಕೆಲಸ. ಅವರು ತರುವ ವರದಿಗಳಲ್ಲಿ ಒಂದು ಸಾಲು ಪದೇ ಪದೇ ಸಿಗುತ್ತದೆ: ‘ರೋಗಿ ಗುಳಿಗೆ ನಿಲ್ಲಿಸಿದ್ದಾರೆ. ಕಾರಣ: ಅರಿವಿನ ಕೊರತೆ.’ ಇಂಥ ವರದಿಗೆ ನಾನು ಸಹಿ ಹಾಕುವುದಿಲ್ಲ. ಇನ್ನೊಮ್ಮೆ ಆ ಮನೆಗೆ ಹೋಗಿ ಬನ್ನಿ ಅನ್ನುತ್ತೇನೆ.

ಯಾಕೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಕುಂದಗೋಳ ಕಡೆಯ ಹಳ್ಳಿ. ಮೂವತ್ತರ ಆಸುಪಾಸಿನ ಯುವಕ, ಸ್ಕಿಜೋಫ್ರೇನಿಯಾ ಇದೆ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಕಾಡುವಂಥ ಮಾನಸಿಕ ಕಾಯಿಲೆ. ಗುಳಿಗೆಯಿಂದ ಚೆನ್ನಾಗೇ ಇದ್ದವನು ಆಸ್ಪತ್ರೆಗೆ ಬರುವುದನ್ನೇ ಬಿಟ್ಟಿದ್ದ. ಎರಡನೇ ಸಲ ಹೋದಾಗ ನಮ್ಮ ವಿದ್ಯಾರ್ಥಿನಿ ಚೀಲದಿಂದ ಫಾರಂ ತೆಗೆಯಲಿಲ್ಲ. ರೊಟ್ಟಿ ಬಡಿಯುತ್ತಿದ್ದ ತಾಯಿಯ ಹತ್ತಿರ ಕೂತು, ‘ಯವ್ವಾ, ಮುಂಜಾನೆ ಎದ್ದಾಗಿಂದ ಮನ್ಯಾಗ ಏನೇನ್ ಕೆಲಸ ಇರ್ತಾವ್ರಿ?’ ಅಂತ ಕೇಳಿದಳು. ಆಗ ವಿಷಯ ಹೊರಗೆ ಬಂತು. ರಾತ್ರಿ ಗುಳಿಗೆ ನುಂಗಿದರೆ ಮಗನಿಗೆ ಹೊತ್ತೇರಿದರೂ ಕಣ್ಣು ಬಿಡಲು ಆಗುತ್ತಿರಲಿಲ್ಲ. ನಸುಕಿನಲ್ಲಿ ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕುವವನು ಅವನೇ. ಹಾಲು ತಪ್ಪಿತು, ಅಪ್ಪ ಬೈದ, ಗುಳಿಗೆ ನಿಂತಿತು.

ಇದರಲ್ಲಿ ಅರಿವಿನ ಕೊರತೆ ಎಲ್ಲಿದೆ? ಗುಳಿಗೆ ಯಾತಕ್ಕೆ ಅಂತ ಆ ಮನೆಯವರಿಗೆ ಗೊತ್ತಿತ್ತು. ಹಾಲು ಹಾಕದಿದ್ದರೆ ಬಟವಾಡೆ ಇಲ್ಲ ಅನ್ನುವುದೂ ಗೊತ್ತಿತ್ತು. ವಿದ್ಯಾರ್ಥಿನಿ ‘ಸಂಜೆ ಬೇಗ ತಗೊಳ್ಳಿ’ ಅಂತ ತಾನೇ ಸಲಹೆ ಕೊಡಲಿಲ್ಲ. ಅದು ಅವಳ ಅಧಿಕಾರ ಅಲ್ಲ. ಡಾಕ್ಟರಿಗೆ ಎಮ್ಮೆಯ ವಿಷಯ ಸಮೇತ ಎಲ್ಲ ಹೇಳಿದಳು. ಅವರು ಪ್ರಮಾಣ, ಹೊತ್ತು ಎರಡನ್ನೂ ನೋಡಿ ಬದಲಿಸಿದರು. ಓಪಿಡಿಯ ಗದ್ದಲದಲ್ಲಿ ಡಾಕ್ಟರಿಗೆ ಈ ಮಾತು ಸಿಗುವುದು ಕಷ್ಟ. ಸಮಾಜಕಾರ್ಯದವರು ಅಲ್ಲಿ ಇರಬೇಕಾದದ್ದೇ ಇದಕ್ಕೆ.

ಮನೆ ಭೇಟಿಯಲ್ಲಿ ಇನ್ನೊಂದು ತೊಡಕಿದೆ. ಬಸ್ ಇಳಿದ ಕೂಡಲೇ ಕಟ್ಟೆ ಮೇಲೆ ಕೂತವರು ‘ಯಾರ ಮನಿಗೆ ಬಂದೀರಿ ಅಕ್ಕಾರ?’ ಅಂತ ಕೇಳೇ ಕೇಳುತ್ತಾರೆ. ಅಲ್ಲಿ ಆಸ್ಪತ್ರೆಯ ಹೆಸರು ಬಾಯಿಗೆ ಬಂದರೆ ಆ ಮನೆಯ ಹುಡುಗಿಯ ಸಂಬಂಧವೇ ಮುರಿಯಬಹುದು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಗೋಪ್ಯತೆಯ ಹಕ್ಕನ್ನು ಹೇಳುತ್ತದೆ. ಪರೀಕ್ಷೆಯಲ್ಲಿ ಎಲ್ಲರೂ ಅದನ್ನು ಸರಿಯಾಗೇ ಬರೆಯುತ್ತಾರೆ. ಕಟ್ಟೆಯ ಮುಂದೆ ತಡವರಿಸುತ್ತಾರೆ. ಅದಕ್ಕೇ ತರಗತಿಯಲ್ಲಿ ಇದನ್ನು ಆಡಿಸಿ ಕಲಿಸುತ್ತೇನೆ. ಸುಳ್ಳು ಹೇಳಬಾರದು, ಎಲ್ಲವನ್ನೂ ಹೇಳಬೇಕಾಗಿಯೂ ಇಲ್ಲ. ‘ಕಾಲೇಜಿನವ್ರದೀವ್ರಿ, ಮಂದೀನ ಮಾತಾಡ್ಸಾಕ ಬಂದೀವಿ’ ಅಂದು, ನಿಜವಾಗಿಯೂ ಇನ್ನೆರಡು ಮನೆಗೆ ಹೋಗಿ ಮಾತಾಡಿಸಿ ಬರಬೇಕು. ನಮ್ಮನ್ನು ಯಾರು ಅಂತ ಹೇಳಬೇಕು ಅನ್ನುವುದನ್ನು ಮನೆಯವರನ್ನೇ ಮೊದಲು ಫೋನಿನಲ್ಲಿ ಕೇಳಿಕೊಂಡರೆ ಇನ್ನೂ ಒಳ್ಳೆಯದು.

ವಿದ್ಯಾರ್ಥಿಗಳು ಜಾಸ್ತಿ ಹೆದರುವುದು ಆತ್ಮಹತ್ಯೆಯ ಬಗ್ಗೆ ಕೇಳಲು. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತೆ ಆಗುತ್ತದೆ ಅನ್ನುವ ಭಯ. ಹಾಗೆ ಆಗುವುದಿಲ್ಲ. ಎಷ್ಟೋ ಜನಕ್ಕೆ ಯಾರಾದರೂ ಕೇಳಿದರಲ್ಲ ಅಂತ ಎದೆ ಹಗುರ ಆಗುತ್ತದೆ. ‘ಜೀವಾನ ಬ್ಯಾಡ ಅನಸ್ತೈತೇನ್ರಿ?’ ಅಂತ ಅವರ ಮಾತಿನಲ್ಲೇ, ನೇರವಾಗಿ, ಕಣ್ಣು ನೋಡಿ ಕೇಳಬೇಕು. ಹೌದು ಅಂದರೆ ಅವರನ್ನು ಒಬ್ಬರನ್ನೇ ಬಿಟ್ಟು ಬರುವ ಹಾಗಿಲ್ಲ. ಕೂಡಲೇ ಮಾರ್ಗದರ್ಶಕರಿಗೆ, ಡಾಕ್ಟರಿಗೆ ತಿಳಿಸಬೇಕು. ನಮ್ಮ ಹಾವೇರಿ, ಗದಗ ಕಡೆ ಬೆಳೆಗೆ ಹೊಡೆಯುವ ಎಣ್ಣೆ (ಕೀಟನಾಶಕ) ಮನೆಯೊಳಗೇ ಇರುತ್ತದೆ. ಅದನ್ನು ಯಾರ ಹತ್ತಿರ, ಎಲ್ಲಿ ಬೀಗ ಹಾಕಿ ಇಡೋಣ ಅಂತ ಮನೆಯವರ ಜತೆ ಕೂತು ಮಾತಾಡಲೇಬೇಕು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಅನ್ನು ಅವರ ಮೊಬೈಲಿನಲ್ಲೇ ಸೇವ್ ಮಾಡಿಕೊಟ್ಟು ಬರಬೇಕು. ಪೊಲೀಸ್ ಕೇಸ್ ಆಗುತ್ತದೆ ಅಂತ ಮುಚ್ಚಿಡುವ ಮನೆಯವರಿಗೆ ಅದೇ ಕಾಯ್ದೆಯ 115ನೇ ಸೆಕ್ಷನ್ ಬಗ್ಗೆ ಹೇಳಬೇಕು: ಆತ್ಮಹತ್ಯೆಗೆ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಮೊದಲು ಭಾವಿಸುತ್ತದೆ.

ಕಾಗದಪತ್ರದ ಕೆಲಸವೂ ಗೊತ್ತಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಕೊಡಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬರಲು ಒಂದು ದಿನದ ಕೂಲಿ ಕಳೆದುಕೊಳ್ಳುವವರಿಗೆ ಇದು ದೊಡ್ಡ ಅನುಕೂಲ.

ಕಾಲೇಜುಗಳಿಗೆ ನಾನು ಕೇಳುವುದು ಒಂದೇ. ಒಬ್ಬೊಬ್ಬ ವಿದ್ಯಾರ್ಥಿಯಿಂದ ಹತ್ತು ಹತ್ತು ಕೇಸ್ ವರದಿ ಬರೆಸಬೇಡಿ. ಎರಡೇ ಕುಟುಂಬ ಕೊಡಿ, ವರ್ಷವಿಡೀ ಅವರ ಜತೆಗೇ ಕೆಲಸ ಮಾಡಲಿ. ಬಿತ್ತನೆ ಹೊತ್ತಿಗೆ ಗುಳಿಗೆ ಯಾಕೆ ತಪ್ಪುತ್ತದೆ, ಸುಗ್ಗಿ ಮುಗಿದ ಮೇಲೆ ಯಾಕೆ ಮತ್ತೆ ಶುರುವಾಗುತ್ತದೆ ಅನ್ನುವುದು ಒಂದು ಭೇಟಿಯಲ್ಲಿ ಕಾಣುವಂಥದ್ದಲ್ಲ.