ತೆರಿಗೆ ನಿವಾಸ: ಪದದ ಅರ್ಥ ಮತ್ತು ವ್ಯಾಪ್ತಿ

ಹೊರದೇಶದಲ್ಲಿ ನೆಲೆಸಿದವರು ಬ್ಯಾಂಕ್ ಖಾತೆ ತೆರೆಯಲು ಹೋದಾಗ ಪಾಸ್‌ಪೋರ್ಟ್ ಹಾಗೂ ವಿಳಾಸದ ದಾಖಲೆಯ ಜೊತೆಗೆ ಒಂದು ಸ್ವಯಂ ಘೋಷಣೆಯ ನಮೂನೆಯನ್ನೂ ತುಂಬಬೇಕಾಗುತ್ತದೆ. 'ನೀವು ಯಾವ ದೇಶದ ತೆರಿಗೆ ನಿವಾಸಿ?' ಎಂದು ಅದು ಕೇಳುತ್ತದೆ. ಹಲವರು ಇಲ್ಲಿ ತಮ್ಮ ಪಾಸ್‌ಪೋರ್ಟ್ ಯಾವ ದೇಶದ್ದೋ ಆ ದೇಶದ ಹೆಸರನ್ನು ಬರೆದು ಸಹಿ ಹಾಕಿಬಿಡುತ್ತಾರೆ. ಆ ಉತ್ತರ ತಪ್ಪಾಗಿರುವ ಸಾಧ್ಯತೆಯೇ ಹೆಚ್ಚು.

ಒಬ್ಬ ವ್ಯಕ್ತಿಯನ್ನು ತನ್ನವನೆಂದು ಪರಿಗಣಿಸಿ, ಸಾಮಾನ್ಯವಾಗಿ ಅವನು ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದ ಆದಾಯದ ಮೇಲಾದರೂ ತೆರಿಗೆ ಕೇಳುವ ಹಕ್ಕು ಒಂದು ದೇಶಕ್ಕೆ ದೊರೆಯುವಂತೆ ಮಾಡುವ ಕಾನೂನಿನ ಸಂಬಂಧವೇ ತೆರಿಗೆ ನಿವಾಸ. ನಿವಾಸಿಯಲ್ಲದವನಿಂದ ದೇಶವೊಂದು ತನ್ನ ನೆಲದಲ್ಲಿ ಹುಟ್ಟಿದ ಆದಾಯಕ್ಕೆ, ಅಂದರೆ ಅಲ್ಲಿನ ಬಾಡಿಗೆ, ಸಂಬಳದಂಥವುಗಳಿಗೆ ಮಾತ್ರ ತೆರಿಗೆ ಕೇಳಬಲ್ಲದು. ಪೌರತ್ವ ಬೇರೆ, ವೀಸಾ ಬೇರೆ, ತೆರಿಗೆ ನಿವಾಸ ಬೇರೆ. ದೀರ್ಘಾವಧಿಯ ವೀಸಾ ಕೈಯಲ್ಲಿದ್ದೂ ತೆರಿಗೆ ನಿವಾಸಿಯಾಗದೆ ಇರಬಹುದು. ವೀಸಾದ ಅವಧಿ ಮೀರಿ ಉಳಿದವನು ವಲಸೆ ಇಲಾಖೆಯ ದೃಷ್ಟಿಯಲ್ಲಿ ಅಕ್ರಮ ವಾಸಿಯಾಗಿದ್ದರೂ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ನಿವಾಸಿಯಾಗಬಹುದು. ಪೌರತ್ವವನ್ನೇ ಆಧಾರವಾಗಿಟ್ಟುಕೊಂಡು ತೆರಿಗೆ ಹಾಕುವ ಅಮೆರಿಕ ಮತ್ತು ಎರಿಟ್ರಿಯಾ ಈ ಮಾತಿಗೆ ಅಪವಾದಗಳು. ಅಮೆರಿಕದ ಪ್ರಜೆ ಎಲ್ಲಿ ನೆಲೆಸಿದ್ದರೂ ಅಲ್ಲಿನ ತೆರಿಗೆ ಕಾನೂನಿನ ವ್ಯಾಪ್ತಿಯಿಂದ ಹೊರಬರುವುದಿಲ್ಲ.

183 ದಿನಗಳ ಲೆಕ್ಕವೊಂದು ವಲಸಿಗರ ಮಾತಿನಲ್ಲಿ ಮಂತ್ರದಂತೆ ಓಡಾಡುತ್ತಿರುತ್ತದೆ. ವರ್ಷದಲ್ಲಿ ಅಷ್ಟು ದಿನ ಇದ್ದವರನ್ನು ಬಹಳಷ್ಟು ದೇಶಗಳು ನಿವಾಸಿಯೆಂದು ಎಣಿಸುವುದು ನಿಜ. ಆದರೆ 182 ದಿನಕ್ಕೆ ಹೊರಟುಬಿಟ್ಟರೆ ಪಾರಾದೆವೆಂಬ ನಂಬಿಕೆಗೆ ಆಧಾರವಿಲ್ಲ. ಅಮೆರಿಕದಲ್ಲಿ ಪ್ರಜೆಗಳಲ್ಲದವರ ದಿನಗಳನ್ನು ಎಣಿಸುವಾಗ ಆ ವರ್ಷದ ಎಲ್ಲ ದಿನಗಳಿಗೆ ಹಿಂದಿನ ವರ್ಷದ ದಿನಗಳ ಮೂರನೇ ಒಂದು ಭಾಗವನ್ನೂ ಅದರ ಹಿಂದಿನ ವರ್ಷದ ದಿನಗಳ ಆರನೇ ಒಂದು ಭಾಗವನ್ನೂ ಕೂಡಿಸುತ್ತಾರೆ. ಹೀಗಾಗಿ ಪ್ರತಿವರ್ಷ 130 ದಿನ ಮಾತ್ರ ಅಲ್ಲಿರುವವನ ಲೆಕ್ಕವೂ ಮೂರನೇ ವರ್ಷಕ್ಕೆ 183ನ್ನು ದಾಟುತ್ತದೆ. ಬ್ರಿಟನ್ 2013ರಲ್ಲಿ ಜಾರಿಗೆ ತಂದ ನಿವಾಸ ಪರೀಕ್ಷೆಯಲ್ಲಿ ದಿನಗಳ ಜೊತೆಗೆ ಕುಟುಂಬ, ಮನೆ, ಕೆಲಸ ಮುಂತಾದ ನಂಟುಗಳನ್ನೂ ಎಣಿಸಲಾಗುತ್ತದೆ. ನಂಟು ಹೆಚ್ಚಿದಷ್ಟೂ ತೆರಿಗೆ ನಿವಾಸಿಯಾಗದೆ ಅಲ್ಲಿ ಕಳೆಯಬಹುದಾದ ದಿನಗಳು ಕಡಿಮೆಯಾಗುತ್ತವೆ.

ಪ್ರತಿ ದೇಶವೂ ತನ್ನದೇ ಅಳತೆಗೋಲು ಹಿಡಿಯುವುದರಿಂದ ಒಬ್ಬನನ್ನೇ ಎರಡು ದೇಶಗಳು ತಮ್ಮ ನಿವಾಸಿಯೆಂದು ಹೇಳುವ ಸಂದರ್ಭ ಅಪರೂಪವೇನಲ್ಲ. ಆ ಎರಡರ ನಡುವೆ ದುಪ್ಪಟ್ಟು ತೆರಿಗೆ ತಪ್ಪಿಸುವ ಒಪ್ಪಂದವಿದ್ದರೆ ವಿವಾದ ಬಿಡಿಸಲು ಒಂದು ಕ್ರಮವಿರುತ್ತದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಒಇಸಿಡಿ ಇಂಥ ಒಪ್ಪಂದಗಳಿಗೆ ರೂಪಿಸಿರುವ ಮಾದರಿಯ 4ನೇ ವಿಧಿಯ ಪ್ರಕಾರ, ಶಾಶ್ವತ ಬಳಕೆಗೆ ಲಭ್ಯವಿರುವ ಮನೆ ಎಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಎರಡೂ ಕಡೆ ಮನೆಯಿದ್ದರೆ ಕುಟುಂಬ, ಹಣಕಾಸು, ಸಾಮಾಜಿಕ ಬದುಕು ಯಾವ ಕಡೆಗೆ ಹೆಚ್ಚು ವಾಲಿದೆ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿಯೂ ಬಗೆಹರಿಯದಿದ್ದರೆ ರೂಢಿಯಾಗಿ ವಾಸಿಸುವ ಜಾಗ, ಆಮೇಲೆ ಪೌರತ್ವ, ಕಡೆಗೆ ಎರಡೂ ಸರ್ಕಾರಗಳ ಮಾತುಕತೆ. ನಮೂನೆಯಲ್ಲಿ ಜನ ಮೊದಲು ಬರೆಯುವ ಪೌರತ್ವ ಇಲ್ಲಿ ನಾಲ್ಕನೆಯ ಸ್ಥಾನಕ್ಕೆ ಇಳಿದಿರುವುದನ್ನು ಗಮನಿಸಬೇಕು. ವಿದೇಶಕ್ಕೆ ಹೋಗುವಾಗ ಹಳೆಯ ಮನೆಗೆ ಬೀಗ ಹಾಕಿ ಹಾಗೆಯೇ ಇಟ್ಟುಕೊಳ್ಳುವುದಕ್ಕೂ ದೀರ್ಘಾವಧಿಗೆ ಬಾಡಿಗೆಗೆ ಕೊಡುವುದಕ್ಕೂ ವ್ಯತ್ಯಾಸವಿದೆ. ಬಾಡಿಗೆಗೆ ಕೊಟ್ಟ ಮನೆ ಸಾಮಾನ್ಯವಾಗಿ ಮಾಲೀಕನ ಬಳಕೆಗೆ ಲಭ್ಯವಿರುವ ಮನೆಯೆನಿಸುವುದಿಲ್ಲ.

ನಿವೃತ್ತರ ಮಟ್ಟಿಗೆ ಈ ಪದದ ಬೆಲೆ ತಿಳಿಯುವುದು ಪಿಂಚಣಿಯಲ್ಲಿ. ಅದೇ ಮಾದರಿ ಒಪ್ಪಂದದಲ್ಲಿ ಖಾಸಗಿ ನೌಕರಿಯ ಪಿಂಚಣಿಗೆ ತೆರಿಗೆ ಹಾಕುವ ಹಕ್ಕು ನಿವಾಸದ ದೇಶದ್ದು. ಸರ್ಕಾರಿ ಸೇವೆಯ ಪಿಂಚಣಿಯ ಮೇಲಿನ ಹಕ್ಕು ಮಾತ್ರ ಸಾಮಾನ್ಯವಾಗಿ ಅದನ್ನು ಕೊಡುವ ದೇಶದ್ದು. ಪೋರ್ಚುಗಲ್ 2009ರಿಂದ ಹೊಸ ನಿವಾಸಿಗಳಿಗೆ ಕೊಟ್ಟ ರಿಯಾಯಿತಿಯಲ್ಲಿ ವಿದೇಶಿ ಪಿಂಚಣಿಗೆ ವರ್ಷಗಳ ಕಾಲ ತೆರಿಗೆಯೇ ಬೀಳುತ್ತಿರಲಿಲ್ಲ. ತನ್ನ ನಿವೃತ್ತರು ಎರಡೂ ಕಡೆ ತೆರಿಗೆ ಕಟ್ಟದೆ ಉಳಿಯುವುದನ್ನು ಒಪ್ಪದ ಫಿನ್ಲೆಂಡ್ ಪೋರ್ಚುಗಲ್ ಜೊತೆಗಿನ ಒಪ್ಪಂದವನ್ನೇ ರದ್ದುಗೊಳಿಸಿತು. 2019ರಿಂದ ಅದು ಇಲ್ಲವಾಯಿತು. ಪೋರ್ಚುಗಲ್ ಕೂಡ 2020ರಲ್ಲಿ ಹೊಸಬರ ಪಿಂಚಣಿಗೆ ಶೇ. 10ರ ತೆರಿಗೆ ತಂದು, 2024ರಲ್ಲಿ ಆ ಯೋಜನೆಯ ಬಾಗಿಲನ್ನೇ ಹೊಸಬರಿಗೆ ಮುಚ್ಚಿತು. ಇಂಥ ರಿಯಾಯಿತಿಯೊಂದನ್ನೇ ನಂಬಿ ದೇಶ ಆರಿಸುವುದು ಜಾಣತನವೆಂದು ನನಗೆ ತೋರುವುದಿಲ್ಲ.

ಬ್ಯಾಂಕಿನವರು ಈ ಪ್ರಶ್ನೆ ಕೇಳುವುದಕ್ಕೆ ಮುಖ್ಯ ಕಾರಣ, 2014ರಲ್ಲಿ ಒಇಸಿಡಿ ರೂಪಿಸಿದ ಮಾಹಿತಿ ವಿನಿಮಯದ ಸಮಾನ ನಿಯಮಗಳು. 2017ರಿಂದ ಅವುಗಳ ಅಡಿಯಲ್ಲಿ ವಿದೇಶಿ ತೆರಿಗೆ ನಿವಾಸಿಯ ಖಾತೆಯ ಶಿಲ್ಕು, ಬಡ್ಡಿ, ಲಾಭಾಂಶಗಳ ವಿವರ ಬ್ಯಾಂಕಿನಿಂದ ಆ ಬ್ಯಾಂಕ್ ಇರುವ ದೇಶದ ತೆರಿಗೆ ಇಲಾಖೆಗೂ, ಅಲ್ಲಿಂದ ಖಾತೆದಾರ ನಿವಾಸಿಯಾಗಿರುವ ದೇಶಕ್ಕೂ ಪ್ರತಿವರ್ಷ ತಲುಪುತ್ತಿದೆ. ಅಮೆರಿಕ ಇದರಲ್ಲಿ ಸೇರದೆ, 2010ರ ತನ್ನದೇ ಕಾಯಿದೆಯ ಮೂಲಕ ತನ್ನವರ ವಿದೇಶಿ ಖಾತೆಗಳ ಮಾಹಿತಿ ಪಡೆಯುತ್ತದೆ. ಸದಾ ಸಂಚರಿಸುತ್ತಿರುವ ತಾವು ಯಾವ ದೇಶದ ತೆರಿಗೆ ನಿವಾಸಿಯೂ ಅಲ್ಲವೆಂದು ಹೇಳಿಕೊಳ್ಳುವವರ ಅರ್ಜಿಗೆ ತೊಡಕು ಎದುರಾಗುವುದೂ ಇಲ್ಲಿಯೇ: ನಮೂನೆಯಲ್ಲಿ ದೇಶದ ಹೆಸರಿನ ಪಕ್ಕದಲ್ಲೇ ಆ ದೇಶ ಕೊಟ್ಟ ತೆರಿಗೆ ಗುರುತಿನ ಸಂಖ್ಯೆಗೂ ಜಾಗವಿರುತ್ತದೆ, ಅದು ಖಾಲಿಯಿದ್ದರೆ ಬ್ಯಾಂಕ್ ಕಾರಣ ಕೇಳುತ್ತದೆ.